ಹಿಂದಿನ ಷೆಡ್ಡಿನ ಹೊಟ್ಟು

ಮೇವಿನ ಅಂಗಡಿಯಲ್ಲಿ ಅವರನ್ನು ಎಲ್ಲರೂ ಮೂಸಣ್ಣ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೇ. ಅವರಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಅಂಗಡಿಗೆ ಮರದ ಹೊಟ್ಟಿನ ಮೂಟೆ ಬಂತೆಂದರೆ ಅವರು ಮೊದಲು ಅದರ ಬಾಯಿಯ ಹೊಲಿಗೆ ಬಿಚ್ಚಿ, ಮೊಣಕೈ ಮುಳುಗುವವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯುತ್ತಿದ್ದರು. ಒಂದೊಂದು ಮೂಟೆಯನ್ನೂ ಹೀಗೇ ನೋಡಬೇಕು. ಲಾರಿಯವನಿಗೆ ಸಾಕಾಗಿ ಹೋಗುತ್ತಿತ್ತು.

"ಮೂಸಣ್ಣ, ಇದು ಕೋಳಿಗೆ ಹಾಸೋದಾ, ಇಲ್ಲ ನೀವೇ ಮಲ್ಕೊಳ್ಳೋದಾ?" ಎಂದು ಒಮ್ಮೆ ಅವನು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

"ನಾನಾದ್ರೆ ಎಲ್ಲಿ ಬೇಕಾದ್ರೂ ಮಲ್ಕೊಳ್ತೀನಪ್ಪ. ಸುಮ್ನೆ ಇಳಿಸು," ಎಂದರು ಅವರು, ಹೊಟ್ಟಿನಿಂದ ಮೂಗು ತೆಗೆಯದೆ.

ನನಗೆ ಅವರ ಪರಿಚಯವಾದದ್ದು ಮಗಳ ಹಟದಿಂದ. ಅವಳಿಗೆ ಕೋಳಿಮರಿ ಬೇಕೇ ಬೇಕು ಎಂದಾಗಿ, ಆರು ಮರಿ ತಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಪೇಪರು ಹಾಸಿ ಬಿಟ್ಟಿದ್ದೆ. ಮೇವು ಕೊಳ್ಳಲು ಅಂಗಡಿಗೆ ಹೋದಾಗ ಅವರು ತಕ್ಕಡಿ ಹಿಡಿದುಕೊಂಡೇ ಕೇಳಿದರು.

"ಏನು ಹಾಸಿದೀರಿ ಕೆಳಗೆ?"

"ಪೇಪರು."

"ಎಷ್ಟು ಹೊತ್ತಾಯ್ತು?"

"ಬೆಳಗ್ಗೆಯಿಂದ."

ತಕ್ಕಡಿ ಕೆಳಗಿಟ್ಟರು. "ಪೇಪರು ಜಾರತ್ತೆ ಸಾರ್. ಮೂರು ದಿನದ ಕಾಲು ಅವು. ಹಿಡಿತ ಸಿಗದೇ ಇದ್ರೆ ಎರಡೂ ಕಾಲು ಎರಡು ಕಡೆಗೆ ಚಾಚ್ಕೊಂಡು ಬಿಡತ್ತೆ. ಆಮೇಲೆ ಎದ್ದು ನಿಲ್ಲೋ ಮಾತೇ ಇಲ್ಲ. ಮನೆ ಎಲ್ಲಿ ನಿಮ್ದು?"

ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ಒಂದು ಚೀಲ ಹೊಟ್ಟನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನನ್ನ ಜೊತೆಗೇ ಬಂದುಬಿಟ್ಟರು. ಪೆಟ್ಟಿಗೆಯಿಂದ ಪೇಪರು ತೆಗೆದು, ಮರ ಹೆರೆದ ಸುರುಳಿ ಹೊಟ್ಟನ್ನು ನಾಲ್ಕು ಬೆರಳು ದಪ್ಪಕ್ಕೆ ಸುರಿದು ಅಂಗೈಯಿಂದ ಒತ್ತಿದರು. ಅದರ ಮೇಲೆ ಒಂದು ಒರಟು ಹತ್ತಿ ಬಟ್ಟೆ ಹಾಸಿದರು.

"ಎರಡು ದಿನ ಬಟ್ಟೆ ಇರ್ಲಿ. ಕಾಳು ಯಾವುದು, ಚಕ್ಕೆ ಯಾವುದು ಅಂತ ಅವಕ್ಕೆ ಗೊತ್ತಾಗೋವರೆಗೆ. ಇಲ್ದಿದ್ರೆ ಹೊಟ್ಟನ್ನೇ ತಿಂದು, ಕಾಳು ಇಳಿಯೋ ಕತ್ತಿನ ಚೀಲ ಕಟ್ಕೊಂಡು ಸಾಯ್ತವೆ. ಒದ್ದೆಯಾದ ಜಾಗ ಅವತ್ತವತ್ತೇ ತೆಗೀಬೇಕು. ಬಗ್ಗಿದಾಗ ನಿಮ್ಮ ಕಣ್ಣು ಉರೀತು ಅಂದ್ರೆ ಅವುಗಳ ಎದೆ ಆಗ್ಲೇ ಉರೀತಿದೆ ಅಂತ ಅರ್ಥ."

ಇಷ್ಟು ಹೇಳಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಮರಿಗಳ ಸದ್ದು ಕೇಳಿಸಿಕೊಂಡರು. "ಸರಿಯಿದೆ," ಎಂದು ಎದ್ದರು. ಇದನ್ನೆಲ್ಲ ಯಾರು ಕಲಿಸಿದ್ದು ಎಂದು ನನ್ನ ಹೆಂಡತಿ ಕೇಳಿದಳು.

"ನಮ್ಮಕ್ಕ," ಎಂದರು. ಆ ದಿನ ಅಷ್ಟೇ ಹೇಳಿದ್ದು. ಉಳಿದದ್ದನ್ನು ಹೇಳಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಅಂಗಡಿಯಲ್ಲಿ ಜನವಿಲ್ಲದ ಮಧ್ಯಾಹ್ನಗಳಲ್ಲಿ, ಮೂಟೆಯ ಮೇಲೆ ಕೂತು, ಇಷ್ಟಿಷ್ಟೇ ಹೇಳಿದರು. ಅಕ್ಕನ ಬಗ್ಗೆ ಅವರು ಏಕವಚನದಲ್ಲೇ ಮಾತಾಡುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ತಾಯಿ ತೀರಿಕೊಂಡಾಗ ಅವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ತಂದೆ ಇದ್ದೂ ಇಲ್ಲದ ಹಾಗೆ. ಅಕ್ಕನೇ ತಲೆ ಬಾಚಿ, ಸ್ನಾನ ಮಾಡಿಸಿ, ಸ್ಕೂಲಿನ ಗೇಟಿನವರೆಗೆ ಕೈ ಹಿಡಿದು ಬಿಟ್ಟು ಬರುತ್ತಿದ್ದಳು. ಅವರನ್ನು ಅವಳು ಹೆಸರು ಹಿಡಿದು ಕರೆದದ್ದೇ ಕಡಿಮೆ. ಮರಿ, ಮರಿ ಎನ್ನುತ್ತಿದ್ದಳು. ಹದಿನೆಂಟಕ್ಕೇ ಹೊಲಿಗೆ ಕಲಿತು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯತೊಡಗಿದಳು. ಒಬ್ಬ ಬಸ್ ಡ್ರೈವರ್ ಅವಳನ್ನು ಮದುವೆಯಾದ. ಗಂಡನ ಮನೆಗೆ ಹೊರಟಾಗ ತಮ್ಮನನ್ನೂ ಕರೆದುಕೊಂಡೇ ಹೋದಳು. "ಹೆಂಡತಿ ಕೇಳಿದೆ, ಬೆಳೆದ ಮಗನ್ನೂ ಜೊತೆಗೇ ಕೊಟ್ಟು ಕಳಿಸಿದ್ರು," ಎಂದು ಭಾವ ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಿದ್ದ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಆ ಮನೆಯಲ್ಲಿ ಮಾತೂ ಆಗಲಿಲ್ಲ.

ತಮ್ಮ ಬೆಳೆದು ಮರಗೆಲಸ ಕಲಿತು ಬಾಗಿಲು, ಕಿಟಕಿ ಮಾಡುವ ಕಾರ್ಖಾನೆಗೆ ಸೇರಿದರು. ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದರು. ಮದುವೆ ಯಾಕೋ ಕೂಡಿಬರಲಿಲ್ಲ. ಊಟ ಮಾತ್ರ ಅಕ್ಕನ ಮನೆಯಲ್ಲೇ.

ಅಕ್ಕನಿಗೆ ನಲವತ್ತೈದರ ಹೊತ್ತಿಗೆ ಕಣ್ಣು ಕೈಕೊಡಲು ಶುರುವಾಯಿತು. ಕಣ್ಣಿನ ಒಳಗಿನ ಒತ್ತಡವಂತೆ, ಹೋದ ನೋಟ ವಾಪಸು ಬರುವುದಿಲ್ಲವಂತೆ, ಇದ್ದದ್ದನ್ನು ಕಾಪಾಡಿಕೊಳ್ಳಬೇಕಂತೆ. ಅಂಚಿನಿಂದ ಒಳಕ್ಕೆ ಕತ್ತಲು ಬರುತ್ತಾ ಇತ್ತು. ಒಂದು ದಿನ ಇಪ್ಪತ್ತು ಅಂಗಿಗಳ ಕಾಲರನ್ನು ತಲೆಕೆಳಗಾಗಿ ಹೊಲಿದಿಟ್ಟಳು. ಅಂದು ಸಂಜೆಯೇ ಮಷೀನಿಗೆ ಬಟ್ಟೆ ಹೊದಿಸಿದಳು. ಆಮೇಲೆ ಮೂರು ತಿಂಗಳು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ಮರಿಗಳನ್ನು ತಂದವನು ಭಾವ. ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ ತೂತುಗಳಿದ್ದ ಪೆಟ್ಟಿಗೆಯೊಂದನ್ನು ತಂದು ಅವಳ ಮಡಿಲಲ್ಲಿಟ್ಟ. ಇಪ್ಪತ್ತು ಮರಿ ಇದ್ದವು. "ಇವನ್ನ ನೋಡೋಕೆ ಕಣ್ಣು ಜಾಸ್ತಿ ಬೇಕಾಗಲ್ಲ. ಕಿವಿ ಸಾಕು," ಎಂದ. ಅವನು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದ. ಆದರೆ ಅದು ನಿಜವಾಯಿತು. ಚಳಿಯಾದಾಗ ಮರಿಗಳು ಎತ್ತರದ ದನಿಯಲ್ಲಿ ಒದರುತ್ತವೆ, ಬೆಚ್ಚಗಿದ್ದಾಗ ಒಳಗೊಳಗೇ ಮಾತಾಡಿಕೊಳ್ಳುತ್ತವೆ, ಬಾಯಾರಿದಾಗ ಇನ್ನೊಂದು ರೀತಿ. ಅಕ್ಕ ಇದನ್ನೆಲ್ಲ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಎರಡು ವರ್ಷದಲ್ಲಿ ಹಿಂದಿನ ಕೋಣೆಯ ತುಂಬ ನೂರಿಪ್ಪತ್ತು ಮರಿ. ಒಂದು ದಿನದ ಮರಿಗಳನ್ನು ತರಿಸಿ, ಆರು ವಾರ ಸಾಕಿ, ರೆಕ್ಕೆ ಬಲಿತ ಮೇಲೆ ಸುತ್ತಲಿನ ಮನೆಗಳವರಿಗೆ ಕೊಡುತ್ತಿದ್ದಳು. ಅವಳ ಕೋಣೆಯ ಮರಿ ಸಾಯುವುದಿಲ್ಲ ಎಂದು ಬೀದಿಯಲ್ಲಿ ಮಾತಿತ್ತು.

ಹೊಟ್ಟನ್ನು ತಂದುಕೊಡುವುದು ತಮ್ಮನ ಕೆಲಸ. ಕಾರ್ಖಾನೆಯಲ್ಲಿ ಮರ ಹೆರೆಯುವ ಉಜ್ಜುಗೊರಡಿನ ಕೆಳಗೆ ಸುರುಳಿ ಸುರುಳಿಯಾಗಿ ಬೀಳುವುದನ್ನು ಗುಡಿಸಿ ಚೀಲಕ್ಕೆ ತುಂಬಿಕೊಂಡು ಬಂದರೆ ಆಯಿತು. ಮೊದಲ ಸಲ ಅವರು ತಂದದ್ದನ್ನು ಅಕ್ಕ ವಾಪಸು ಕಳಿಸಿದ್ದಳು. "ಇದು ಪುಡಿ ಕಣೋ ಮರಿ. ಅವು ಕಾಳು ಅಂತ ತಿಂತವೆ. ಕೆದಕಿದಾಗ ದೂಳೆದ್ದು ಮೂಗಿಗೆ ಹೋಗತ್ತೆ. ನಂಗೆ ಸುರುಳಿ ಬೇಕು." ಎರಡನೇ ಸಲ ಸುರುಳಿಯೇ ಬಂತು, ಆದರೆ ಘಮಘಮ ಎನ್ನುವ ಮರದ್ದು. ಅದೂ ಬೇಡ ಎಂದಳು. "ನಮಗೆ ಚೆನ್ನಾಗಿರೋ ವಾಸನೆ ಅವಕ್ಕೆ ಉಸಿರು ಕಟ್ಟಿಸತ್ತೆ. ಬೆಳಗ್ಗಿಂದ ಸಂಜೆವರೆಗೆ ಮೂಗು ಅದರಲ್ಲೇ ಇರತ್ತೆ ಅಲ್ವಾ?" ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಡುತ್ತಿದ್ದಳು. ಉಂಡೆ ಕಟ್ಟಿದರೆ ಹಸಿ ಇದೆ, ಬೂಷ್ಟು ಬರುತ್ತದೆ. ಉದುರಿದರೆ ಸರಿ. ಸರಿಯಿದ್ದದ್ದನ್ನೂ ಒಂದು ದಿನ ಅಂಗಳದ ಬಿಸಿಲಿಗೆ ಹರಡಿಯೇ ಒಳಗೆ ತರಬೇಕು.

"ನನ್ನ ಹಾಸಿಗೆ ಬಿಸಿಲು ನೋಡಿ ವರ್ಷ ಆಯ್ತು. ನಾನು ಮೊಟ್ಟೆಯಿಂದ ಬರ್ಬೇಕಾಗಿತ್ತು," ಎನ್ನುತ್ತಿದ್ದ ಭಾವ.

ಹೀಗೆ ಆರು ವರ್ಷ ನಡೆಯಿತು. ಅಕ್ಕನ ನೋಟ ಇನ್ನಷ್ಟು ಕಿರಿದಾಯಿತು, ಮುಖ ಮಾತ್ರ ಬೆಳಗಿತು. ತಾವು ಬದುಕಿನಲ್ಲಿ ಅಕ್ಕ ಹಾಡು ಗುನುಗಿದ್ದನ್ನು ಕೇಳಿದ್ದು ಆ ಆರು ವರ್ಷಗಳಲ್ಲಿ ಮಾತ್ರ ಎಂದು ಮೂಸಣ್ಣ ಹೇಳಿದರು.

ಏಳನೆಯ ವರ್ಷ ಕಾರ್ಖಾನೆಗೆ ದೊಡ್ಡ ಕಟ್ಟಡವೊಂದರ ಬಾಗಿಲು ಚೌಕಟ್ಟುಗಳ ಕೆಲಸ ಬಂತು. ಗೆದ್ದಲು ಹಿಡಿಯಬಾರದೆಂದು ಆ ಮರವನ್ನೆಲ್ಲ ಹಿಂದಿನ ಷೆಡ್ಡಿನಲ್ಲಿ ಔಷಧಿಯ ತೊಟ್ಟಿಗೆ ಅದ್ದಿ ಒಣಗಿಸುತ್ತಿದ್ದರು. ಅದ್ದಿದಾಗ ಮರ ಉಬ್ಬುತ್ತದೆ. ಉಬ್ಬಿದ್ದನ್ನು ಅಲ್ಲೇ ಮತ್ತೊಮ್ಮೆ ಹೆರೆಯಬೇಕು. ಕೆಲಸ ಶುರುವಾದ ದಿನವೇ ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: "ಹಿಂದಿನ ಷೆಡ್ಡಿನ ಹೊಟ್ಟು ಯಾರೂ ಮುಟ್ಬೇಡಿ. ಔಷಧಿ ಕುಡಿದ ಮರ ಅದು. ಒಲೆಗೂ ಹಾಕ್ಬೇಡಿ, ದನಕ್ಕೂ ಹಾಕ್ಬೇಡಿ." ಆಮೇಲೆ ಮೂಸಣ್ಣನ ಕಡೆ ತಿರುಗಿ, "ಕೋಳಿಯವ್ರೇ, ನಿಮಗೇ ಹೇಳಿದ್ದು," ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು.

ಎರಡು ತಿಂಗಳು ಆ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಆ ದಿನ ಗುರುವಾರ. ಹನ್ನೊಂದು ಗಂಟೆಗೆ ಅಕ್ಕನ ಮನೆಗೆ ನೂರಿಪ್ಪತ್ತು ಹೊಸ ಮರಿ ಬರುವುದಿತ್ತು. ಹಳೆಯ ಹೊಟ್ಟನ್ನು ತೆಗೆದು ಕೋಣೆ ತೊಳೆದು ಅಕ್ಕ ಕಾಯುತ್ತಿದ್ದಳು. ಹಿಂದಿನ ದಿನವೇ ಹೊಟ್ಟು ಕೊಡಬೇಕಾಗಿತ್ತು. ಇವರು ಮರೆತಿದ್ದರು. ಬೆಳಗ್ಗೆ ಎಂಟಕ್ಕೆ ಕಾರ್ಖಾನೆಗೆ ಹೋಗಿ ನೋಡಿದರೆ ಮುಂದಿನ ಹಜಾರದಲ್ಲಿ ಇದ್ದದ್ದೆಲ್ಲ ಮರ ಉಜ್ಜಿದ ಸಣ್ಣ ಪುಡಿ. ವಾರವಿಡೀ ಅಲ್ಲಿ ನಯಗೊಳಿಸುವ ಕೆಲಸವೇ ನಡೆದಿತ್ತು. ಹಿಂದಿನ ಷೆಡ್ಡಿನಲ್ಲಿ ಮೊಣಕಾಲೆತ್ತರಕ್ಕೆ ಸುರುಳಿ ಬಿದ್ದಿತ್ತು. ಬಿಳಿ ಬಣ್ಣದ್ದು, ಹಗುರ, ಒಣಗಿದ್ದು. ಇಷ್ಟು ಚೆಂದದ ಸುರುಳಿಯನ್ನು ಅವರು ಹಿಂದೆಂದೂ ನೋಡಿರಲಿಲ್ಲ.

ಒಂದು ಹಿಡಿ ತೆಗೆದುಕೊಂಡು ಮೂಸಿದರು. ಸೀಮೆಎಣ್ಣೆಯಂಥ ವಾಸನೆ, ತುಂಬ ತೆಳ್ಳಗೆ. ಚೀಲಕ್ಕೆ ತುಂಬಿ ಹೊರಗೆ ಬಿಸಿಲಿಗೆ ಹರಡಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿದರು. ವಾಸನೆ ಇಲ್ಲ ಅನ್ನಿಸಿತು.

"ಇಲ್ಲ ಅನ್ನಿಸ್ತು ಅಂತ ಹೇಳ್ತಾ ಇದೀನಲ್ಲ ಸಾರ್, ಅದೂ ಸುಳ್ಳೇ," ಎಂದರು ನನಗೆ. "ಇತ್ತು. ಸ್ವಲ್ಪ ಇತ್ತು. ಅಕ್ಕ ಬಯ್ತಾಳೆ ಅಂತ ಭಯ. ನಲವತ್ತು ದಾಟಿದ್ದ ಗಂಡಸು ನಾನು, ಅಕ್ಕ ಬಯ್ತಾಳೆ ಅಂತ ಭಯ."

ಅಕ್ಕ ಚೀಲಕ್ಕೆ ಕೈ ಹಾಕಿ ಹಿಸುಕಿದಳು. ಉದುರಿತು. "ಎಷ್ಟು ಚೆನ್ನಾಗಿದೆಯೋ!" ಎಂದಳು. ಅವಳಿಗೆ ಆ ವಾರ ಕೆಟ್ಟ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ಬಿಸಿಲಿಗೆ ಹಾಕಿದ್ದೀಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದರು. ಆ ಮಾತೇನೋ ನಿಜವೇ ಆಗಿತ್ತು.

ಮರಿಗಳು ಬಂದವು. ಹೊಟ್ಟಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮರಿಗಳು, ಅವುಗಳ ಮೇಲೆ ಶಾಖದ ದೀಪ. ಆ ಶಾಖವೇ ಹೊಟ್ಟಿನೊಳಗಿನ ವಿಷವನ್ನು ಹಬೆಯ ಹಾಗೆ ಮೇಲೆಬ್ಬಿಸಿತು. ಮರುದಿನ ಬೆಳಗ್ಗೆ ಅಕ್ಕ ತಮ್ಮನಿಗೆ ಹೇಳಿ ಕಳಿಸಿದಳು. "ಮರಿಗಳು ಸುಮ್ಮನಾಗಿವೆ," ಎಂದಷ್ಟೇ ಹೇಳಿಕಳಿಸಿದ್ದಳು. ಅವರು ಓಡಿ ಬಂದಾಗ ಮೂವತ್ತೋ ನಲವತ್ತೋ ಆಗಲೇ ಸತ್ತಿದ್ದವು. ಉಳಿದವುಗಳ ಕತ್ತು ಜೋತುಬಿದ್ದಿತ್ತು, ಕೊಕ್ಕಿನಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿದ್ದವು. ಅಕ್ಕ ನೆಲದ ಮೇಲೆ ಕೂತು ಒಂದೊಂದನ್ನೇ ಅಂಗೈಯಲ್ಲಿಟ್ಟುಕೊಂಡು ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಸದ್ದು ಬಂದರೆ ಬಲಕ್ಕೆ, ಬರದಿದ್ದರೆ ಎಡಕ್ಕೆ ಇಡುತ್ತಿದ್ದಳು. ಬಾಗಿಲಲ್ಲಿ ನಿಂತ ತಮ್ಮನಿಗೆ ಅಲ್ಲೇ ಎಲ್ಲ ತಿಳಿಯಿತು.

ಭಾವ ಪಶುವೈದ್ಯೆಯನ್ನು ಕರೆತಂದ. ವಯಸ್ಸಾದ ಹೆಂಗಸು, ಮಾತು ನಿಧಾನ. ಒಂದು ಮರಿಯ ಬಾಯಿ ಬಿಡಿಸಿ ನೋಡಿ, "ಏನೋ ವಿಷ ಸೇರಿದೆ ಅಮ್ಮ," ಎಂದಳು. "ನೀರಿನ ಬಟ್ಟಲು ಯಾವುದರಲ್ಲಿ ತೊಳೆದ್ರಿ?"

"ಕ್ರಿಮಿನಾಶಕ ಹಾಕಿ. ಯಾವಾಗ್ಲೂ ಅದೇ."

"ಎಷ್ಟು ಹಾಕಿದ್ರಿ?"

"ಒಂದು ಮುಚ್ಚಳ." ಅಕ್ಕ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದಳು. "ಮುಚ್ಚಳದ ಒಳಗೆ ಒಂದು ಗೆರೆ ಇರತ್ತೆ. ಅದು ಈಗ ನಂಗೆ ಕಾಣಲ್ಲ. ಅಂದಾಜಲ್ಲಿ ಹಾಕಿದೆ. ಆಮೇಲೆ ತೊಳೆದೆ. ತೊಳೆದೆ ಅನ್ಕೊಂಡಿದೀನಿ."

"ಹಾಸಿರೋ ಹೊಟ್ಟು?"

ಇವರು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕನೇ ಉತ್ತರ ಕೊಟ್ಟಳು. "ಅದನ್ನ ನನ್ನ ತಮ್ಮ ತಂದಿದ್ದು. ಆರು ವರ್ಷದಿಂದ ಅವನೇ ತರೋದು. ಅದರಲ್ಲಿ ಏನೂ ಇರಲ್ಲ. ಅಲ್ವೇನೋ ಮರಿ?"

"ಯಾವಾಗ್ಲೂ ತರೋ ಜಾಗದ್ದೇ," ಎಂದರು ಇವರು.

ಮೂರು ಮಾತು. ಪಶುವೈದ್ಯೆ ತಲೆಯಾಡಿಸಿದಳು. ಕ್ರಿಮಿನಾಶಕ ಹೆಚ್ಚಾದರೂ ಹೀಗಾಗಬಹುದು ಎಂದು ಹೇಳಿ, ಬದುಕಿದ್ದವನ್ನು ಬೇರೆ ಕಡೆಗೆ ಹಾಕಿ, ಶುದ್ಧ ನೀರು ಕೊಡಿ ಎಂದು ತಿಳಿಸಿ ಹೋದಳು. ಶನಿವಾರದ ಹೊತ್ತಿಗೆ ಉಳಿದದ್ದು ಒಂಬತ್ತು. ಅವನ್ನು ಪಕ್ಕದ ಮನೆಯಾಕೆ ತೆಗೆದುಕೊಂಡು ಹೋದಳು. ಅಕ್ಕ ಮುಟ್ಟಲು ಒಪ್ಪಲಿಲ್ಲ.

ಸತ್ತವನ್ನು ಹಿತ್ತಲಲ್ಲಿ ಗುಂಡಿ ತೆಗೆದು ಹೂಳಿದವರು ಇವರೇ. ಜೊತೆಗೆ ಆ ಹೊಟ್ಟನ್ನೂ ಗುಡಿಸಿ ಹಾಕಿದರು. ಅಂದೇ ಹೇಳಿಬಿಡಬೇಕು ಎಂದುಕೊಂಡರು. ಕೈ ತೊಳೆದು ಒಳಗೆ ಬಂದರೆ ಅಕ್ಕ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು. ನಾಳೆ ಹೇಳೋಣ ಅಂದುಕೊಂಡರು. ನಾಳೆ ಭಾವ ಮನೆಯಲ್ಲಿದ್ದ. ಆಮೇಲೆ ಒಂದು ವಾರವಾಯಿತು. ಒಂದು ವಾರ ಬಿಟ್ಟು ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಲ್ಲ. ತಿಂಗಳಾದ ಮೇಲೆ ಅದು ಇನ್ನೂ ಕಷ್ಟವಾಯಿತು. ನಾಲಿಗೆ ತುದಿಗೆ ಬಂದದ್ದು ಅಲ್ಲೇ ಒಣಗಿತು.

ಮತ್ತೆ ಮರಿ ತರಿಸೋಣ ಎಂದು ಭಾವ ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. "ನನ್ನ ಕೈ ಈಗ ನಂಬೋಕಾಗಲ್ಲ," ಎಂದಳು. ಇಲ್ಲಿಗೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತೇನೋ. ಆದರೆ ಆ ಅಪನಂಬಿಕೆ ಮರಿಗಳ ಕೋಣೆಯಲ್ಲಿ ಉಳಿಯದೆ ಮನೆಯೆಲ್ಲ ಹಬ್ಬಿತು. ಅಡುಗೆಗೆ ಉಪ್ಪು ಹಾಕುವಾಗ ಪಕ್ಕದ ಮನೆಯಾಕೆಯನ್ನು ಕರೆಯುವಳು. "ಇದು ಒಂದು ಚಮಚಾನೇ ತಾನೆ? ನೋಡಿ ಹೇಳಿ." ಗ್ಯಾಸು ಆರಿಸಿದ ಮೇಲೆ ಮೂರು ಸಲ ಹೋಗಿ ಮುಟ್ಟಿ ನೋಡುವಳು. ನೆರೆಯ ಮಗುವೊಂದು ಬಿಸ್ಕತ್ತಿಗೆ ಕೈ ಚಾಚಿದರೆ, "ನಿಮ್ಮಮ್ಮನೇ ಕೊಡ್ಲಿ," ಎಂದು ಡಬ್ಬಿ ಮುಚ್ಚುವಳು. ಭಾನುವಾರಗಳಂದು ತಮ್ಮ ಬಂದರೆ ವಾರದ ಮಾತ್ರೆಗಳನ್ನು ಮುಂದೆ ಹರಡುವಳು. ಭಾವನಿಗೆ ಹೃದಯದ ತೊಂದರೆ ಶುರುವಾಗಿತ್ತು. ಬೆಳಗ್ಗೆ ಅರ್ಧ ಮಾತ್ರೆ ಕೊಡಬೇಕು. ವಾರಕ್ಕಾಗುವಷ್ಟನ್ನು ಇವರೇ ಮುರಿದು ಒಂದೊಂದು ಚೂರಿನ ಏಳು ಪೊಟ್ಟಣ ಕಟ್ಟಬೇಕು.

"ನೀನು ಮಾಡಿದ್ರೆ ನಂಗೆ ನಿಶ್ಚಿಂತೆ ಕಣೋ ಮರಿ," ಎನ್ನುವಳು.

ಆ ಮಾತು ಕೇಳಿ ಕೇಳಿ, ಉಳಿದ ದಿನಗಳ ಊಟಕ್ಕೆ ಅವರು ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಭಾನುವಾರ ಹೋಗದೇ ಇರಲು ಆಗುತ್ತಿರಲಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟರು. ಉಜ್ಜುಗೊರಡಿನ ಸದ್ದೇ ಬೇಡವಾಯಿತಂತೆ. ಮೇವಿನ ಅಂಗಡಿಯಲ್ಲಿ ತೂಗಲು ಜನ ಬೇಕಾಗಿತ್ತು, ಸೇರಿಕೊಂಡರು. ಮರಿ ಕೊಳ್ಳಲು ಬಂದವರಿಗೆಲ್ಲ ಏನು ಹಾಸಬೇಕು, ಏನು ಹಾಸಬಾರದು ಎಂದು ಹೇಳತೊಡಗಿದ್ದು ಆಗಲೇ. ಬಣ್ಣ ಹೊಡೆದ ಮರದ್ದು ಬೇಡ, ಪ್ಲೈವುಡ್ಡಿನದ್ದು ಬೇಡ, ಎಲ್ಲಿಂದ ಬಂತೆಂದು ಗೊತ್ತಿಲ್ಲದ್ದು ಬೇಡವೇ ಬೇಡ. ಹೇಳಿದ್ದನ್ನೇ ಎರಡೆರಡು ಸಲ ಹೇಳುತ್ತಿದ್ದರು. ಒಬ್ಬೊಬ್ಬರು ಬೇಸತ್ತು, ಗೊತ್ತಾಯ್ತು ಬಿಡಿ ಎನ್ನುತ್ತಿದ್ದರು. ಹೀಗೆ ಎಷ್ಟು ಮನೆಗಳ ಮರಿ ಬದುಕಿದವೋ. ನನ್ನ ಮಗಳ ಆರಂತೂ ಬದುಕಿದವು.

ಏಳು ವರ್ಷದ ನಂತರ ಭಾವ ತೀರಿಕೊಂಡ. ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವನು ಬಚ್ಚಲ ಬಾಗಿಲಲ್ಲೇ ಕುಸಿದ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು, ಯಾರ ತಪ್ಪೂ ಅಲ್ಲ, ಇಷ್ಟು ದಿನ ಇದ್ದದ್ದೇ ಹೆಚ್ಚು ಎಂದೂ ಹೇಳಿದರು. ಅಕ್ಕ ಅಳಲಿಲ್ಲ. ಬಂದವರೆಲ್ಲ ಹೋದ ಮೇಲೆ, ಮೂರನೆಯ ದಿನ ಮಧ್ಯಾಹ್ನ, ತಮ್ಮನನ್ನು ಹತ್ತಿರ ಕೂರಿಸಿಕೊಂಡಳು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಈ ಸಲ ನೀನು ಕಟ್ಟಿಟ್ಟ ಪೊಟ್ಟಣಗಳನ್ನ ನಾನು ಕೆಳಗೆ ಬೀಳಿಸಿದ್ದೆ. ಚೂರುಗಳು ಚೆಲ್ಲಿದ್ವು, ತಡಕಾಡಿ ಎತ್ತಿಟ್ಟೆ. ಅವತ್ತು ಬೆಳಗ್ಗೆ ಎರಡು ಚೂರು ಕೊಟ್ಟೆನೋ, ಒಂದು ಕೊಟ್ಟೆನೋ ಗೊತ್ತಿಲ್ಲ."

"ಡಾಕ್ಟರು ಹೇಳಿದ್ರಲ್ಲ ಅಕ್ಕ."

"ಅವರು ಸಮಾಧಾನಕ್ಕೆ ಹೇಳ್ತಾರೆ." ಅಕ್ಕ ತನ್ನ ಕೈಗಳನ್ನು ಮುಂದೆ ಹಿಡಿದಳು. "ನೂರಹನ್ನೊಂದು ಮರಿ ಕೊಂದ ಕೈಯಿದು. ಮನುಷ್ಯನ್ನ ಬಿಡತ್ತಾ?"

ಅವರು ಅಲ್ಲಿಯೇ ಎಲ್ಲವನ್ನೂ ಹೇಳಿದರು. ಹಿಂದಿನ ಷೆಡ್ಡು, ಮೇಸ್ತ್ರಿಯ ಮಾತು, ಸೀಮೆಎಣ್ಣೆಯಂಥ ವಾಸನೆ, ಅರ್ಧ ಗಂಟೆಯ ಬಿಸಿಲು. ಒಂದನ್ನೂ ಬಿಡಲಿಲ್ಲ. ನಿನ್ನ ಕೈ ಏನೂ ಮಾಡಿಲ್ಲ ಅಕ್ಕ, ಅವತ್ತೂ ಮಾಡಿಲ್ಲ, ಈಗಲೂ ಮಾಡಿಲ್ಲ ಎಂದು ಆ ಕೈಗಳನ್ನು ಹಿಡಿದುಕೊಂಡರು. ಅಕ್ಕ ಬಿಡಿಸಿಕೊಳ್ಳಲಿಲ್ಲ. ಅವನ್ನು ಅಲ್ಲೇ ಬಿಟ್ಟಳು, ಅವು ಬೇರೆ ಯಾರದೋ ಎನ್ನುವ ಹಾಗೆ.

ಆಮೇಲೆ ಕೇಳಿದಳು. "ಡಾಕ್ಟರಮ್ಮ ಕೇಳಿದಾಗ ನೀನು ಅಲ್ಲೇ ಇದ್ದೆ ಅಲ್ವಾ?"

"ಇದ್ದೆ."

"ನಾನು ಮುಚ್ಚಳದ ಗೆರೆ ಕಾಣಲ್ಲ ಅಂತ ಹೇಳ್ದಾಗ?"

"ಇದ್ದೆ ಅಕ್ಕ."

"ನೀನು ಅವತ್ತೇ ಹೇಳಿದ್ದಿದ್ರೆ ಬಯ್ತಿದ್ದೆ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಮಗ್ಗಿ ಒಪ್ಪಿಸುವ ಮಗುವಿನ ದನಿಯಂತಿತ್ತು. "ಎರಡು ದಿನ ಮಾತು ಬಿಡ್ತಿದ್ದೆ. ಊಟಕ್ಕೆ ಬರ್ಬೇಡ ಅಂತಿದ್ದೆ. ನೀನು ಬರ್ತಿದ್ದೆ, ನಾನು ಬಡಿಸ್ತಿದ್ದೆ. ಮೂರನೇ ದಿನ ಮತ್ತೆ ಮರಿ ತರಿಸ್ತಿದ್ದೆ. ಆಗ ಇನ್ನೂ ಸ್ವಲ್ಪ ಕಾಣ್ತಿತ್ತು ನಂಗೆ. ಅವುಗಳ ಹಳದಿ ಬಣ್ಣ ಕಾಣ್ತಿತ್ತು."

ಅವರು ಅವಳ ಕಾಲ ಹತ್ತಿರ ಕೂತು ಅತ್ತರು. ನಾಳೆಯೇ ಮರಿ ತರುತ್ತೇನೆ, ನಾನೇ ಬಂದು ಇಲ್ಲೇ ಇರುತ್ತೇನೆ, ನಾನೇ ಎಲ್ಲ ನೋಡಿಕೊಳ್ಳುತ್ತೇನೆ ಎಂದರು.

"ಬೇಡ. ಈಗ ನೆರಳು ಕೂಡ ಸರಿಯಾಗಿ ಕಾಣಲ್ಲ. ಕಾಲಡಿಗೆ ಸಿಕ್ಕಿ ಸಾಯ್ತವೆ." ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದಳು. "ಹೊತ್ತಾಯ್ತು. ನೀವು ಹೊರಡಿ."

ನೀವು ಎಂದದ್ದನ್ನು ಅವರು ಆಗ ಗಮನಿಸಲಿಲ್ಲ. ಬೀದಿಯ ತಿರುವಿನವರೆಗೆ ಬಂದ ಮೇಲೆ ಆ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿ, ಅಲ್ಲೇ ಗೋಡೆ ಹಿಡಿದು ನಿಂತರಂತೆ.

ಮುಂದಿನ ಭಾನುವಾರ ಹೋದಾಗ ಅಕ್ಕ ಬಾಗಿಲು ತೆಗೆದು, "ಬಂದ್ರಾ, ಕೂತ್ಕೊಳ್ಳಿ," ಎಂದಳು. ಟೀ ಕೊಟ್ಟಳು. ಪಕ್ಕದ ಮನೆಯಾಕೆಯನ್ನು ಕರೆಯದೆ ತಾನೇ ಸಕ್ಕರೆ ಹಾಕಿದಳು. ಅಷ್ಟು ಮಾತ್ರ ಆಗಿತ್ತು. ಅವಳ ಕೈಗೆ ನಂಬಿಕೆ ವಾಪಸು ಬಂದಿತ್ತು. ಉಪ್ಪು, ಗ್ಯಾಸು, ಡಬ್ಬಿಯ ಬಿಸ್ಕತ್ತು, ಯಾವುದಕ್ಕೂ ಯಾರನ್ನೂ ಕೇಳುತ್ತಿರಲಿಲ್ಲ. ಭಾವನ ಸಾವಿನ ಬಗ್ಗೆಯೂ ಮತ್ತೆ ಹಾಗೆ ಮಾತಾಡಲಿಲ್ಲ. ಊಟಕ್ಕೆ ಕರೆಯುವಳು, ತಟ್ಟೆಯ ಹತ್ತಿರ ನೀರಿಡುವಳು, ಸೊಂಟ ನೋವು ಹೇಗಿದೆ ಎಂದು ಕೇಳುವಳು. ಎಲ್ಲ ಬಹುವಚನದಲ್ಲಿ. ಒಂದು ಬಿರುಸು ಮಾತಿಲ್ಲ, ಒಂದು ಚುಚ್ಚು ಮಾತಿಲ್ಲ. ಮೊದಮೊದಲು ಅವರು, "ಅಕ್ಕ, ಹಾಗೆ ಕರೀಬೇಡ," ಎಂದು ಕೈ ಮುಗಿದು ಬೇಡಿಕೊಂಡರು. "ಬೇಕು ಅಂತ ಮಾಡ್ತಿಲ್ಲ. ಬಾಯಿಗೆ ಬರ್ತಿಲ್ಲ," ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಅವರು ಮತ್ತೆ ಕೇಳಲಿಲ್ಲ.

ಹದಿನಾಲ್ಕು ತಿಂಗಳು ಹೀಗೆ. ಆಮೇಲೆ ಅಕ್ಕನಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದರು. ಒಂಬತ್ತು ದಿನ ಇದ್ದಳು. ಇವರು ರಜೆ ಹಾಕಿ ಪಕ್ಕದಲ್ಲೇ ಕೂತರು. ಗಂಜಿ ಕುಡಿಸಿದರು, ತಲೆ ಬಾಚಿದರು, ದಿಂಬು ಸರಿಮಾಡಿದರು. ಒಂದು ಬೆಳಗ್ಗೆ ಹೊಸದಾಗಿ ಬಂದ ನರ್ಸ್ ಚಾರ್ಟು ಬರೆಯುತ್ತಾ, ಜೊತೆಗಿರುವವರು ಯಾರು ಎಂದು ಅಕ್ಕನನ್ನು ಕೇಳಿದಳು.

"ನನ್ನ ತಮ್ಮ," ಎಂದಳು ಅಕ್ಕ. ಉಸಿರು ತೆಗೆದುಕೊಂಡು, "ಅವರಿಗೆ ಒಂದು ಕುರ್ಚಿ ಕೊಡಿ. ನಿಂತೇ ಇದಾರೆ," ಎಂದಳು.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಹೋದಳು.

ಇದನ್ನು ಅವರು ನನಗೆ ಹೇಳಿದ್ದು ಕಳೆದ ಬೇಸಿಗೆಯಲ್ಲಿ. ಹೇಳಿ ಮುಗಿಸಿ ಅಂಗೈಗೆ ಅಂಟಿದ್ದ ಹೊಟ್ಟನ್ನು ಕೊಡವಿದರು.

"ತಮ್ಮ ಅಂದ್ಲಲ್ಲ ಸಾರ್, ಅಷ್ಟು ಸಾಕು ಅನ್ಕೊಳ್ತೀನಿ. ಒಂದೊಂದು ದಿನ ಸಾಕಾಗತ್ತೆ."

ಉಳಿದ ದಿನ ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು ಮರಿಗಳ ಮೇವು ಕೇಳಿಕೊಂಡು ಬಂದಳು. ಅವರು ಮೂಟೆಯಿಂದ ಎದ್ದು, ಮುಖ ಒರೆಸಿಕೊಂಡು, ತಕ್ಕಡಿಯ ಕಡೆ ಹೋದರು.